ಬಿಸಿಲಿದ್ದಾಗಲೇ ಹುಲ್ಲು ಒಣಗಿಸು

ಪ್ರಶ್ನೆ: ‘ಮೇಕ್ ಹೇ ವೈಲ್ ದ ಸನ್ ಶೈನ್ಸ್’ ಎಂದರೇನು? ‘ಕಬ್ಬಿಣ ಕಾದಾಗಲೇ ಬಡಿ’ ಎನ್ನುವ ಇಂಗ್ಲಿಷ್ ಗಾದೆಗೂ ಇದೇ ಅರ್ಥವಲ್ಲವೇ?

ಉತ್ತರ: ನಮ್ಮ ‘ಗಾಳಿ ಬಂದಾಗ ತೂರಿಕೋ’ ಇದಕ್ಕೆ ತೀರ ಹತ್ತಿರ. ‘ಹೇ’ ಎಂದರೆ ನಮ್ಮ ಬಣವೆಯ ಭತ್ತದ ಹುಲ್ಲಲ್ಲ. ಹಸಿರಿರುವಾಗಲೇ ಕೊಯ್ದು, ಹೊಲದಲ್ಲೇ ಹರವಿ, ಮಗುಚುತ್ತ ಒಣಗಿಸಿದ ಮೇವು. ಇಂಗ್ಲೆಂಡಿನ ಬೇಸಿಗೆಯಲ್ಲೂ ಮಳೆ ಯಾವಾಗ ಸುರಿಯುತ್ತದೋ ಹೇಳುವಂತಿಲ್ಲ. ಕೆಲವು ದಿನ ಸತತ ಬಿಸಿಲು ಸಿಕ್ಕಾಗಲೇ ಕೆಲಸ ಮುಗಿಸಬೇಕು. ಹಸಿಯಾಗಿ ಒಟ್ಟಿದರೆ ಬೂಷ್ಟು ಹಿಡಿಯುತ್ತದೆ; ಬಣವೆ ಒಳಗೇ ಕಾದು ಬೆಂಕಿಯೂ ಹೊತ್ತಬಹುದು. 1546ರ ಜಾನ್ ಹೇವುಡ್ ಗಾದೆ ಸಂಗ್ರಹದಲ್ಲೇ ಈ ಮಾತಿದೆ.

ವ್ಯತ್ಯಾಸ ಇಲ್ಲಿದೆ: ಬಿಸಿಲು ಕೆಲಕಾಲ ನಿಲ್ಲುತ್ತದೆ, ಅಷ್ಟೂ ಹೊತ್ತು ದುಡಿಯಬೇಕು. ಹಬ್ಬದ ತಿಂಗಳಿಡೀ ಅಂಗಡಿ ತಡರಾತ್ರಿಯವರೆಗೆ ತೆರೆದಿಡುವ ಹೂವಿನ ವ್ಯಾಪಾರಿಗೆ ಇದು ಒಪ್ಪುತ್ತದೆ. ಕಾದ ಕಬ್ಬಿಣದ್ದು ಗಳಿಗೆಯ ಮಾತು. ಎದುರಿನವರು ಒಪ್ಪಿದ ಕೂಡಲೇ ಕರಾರಿಗೆ ಸಹಿ ಪಡೆಯುವಾಗ ಅದನ್ನು ಬಳಸಿ.

‘ಎ ಹೇ’, ‘ಹೇಸ್’ ಎಂದು ಬರೆಯಬೇಡಿ, ಅದು ಎಣಿಕೆಗೆ ಸಿಗದ ನಾಮಪದ. ಭವಿಷ್ಯದ ಮಾತಾದರೂ ‘ವೈಲ್ ದ ಸನ್ ವಿಲ್ ಶೈನ್’ ತಪ್ಪು; ‘ವೈಲ್’ ನಂತರ ವರ್ತಮಾನವೇ ಬರಬೇಕು. ಪತ್ರಿಕೆಗಳಲ್ಲಿ ಬರಿಯ ‘ಮೇಕ್ ಹೇ’ ಎಂದಿದ್ದರೆ, ಕೆಲವೊಮ್ಮೆ ಇನ್ನೊಬ್ಬರ ಇಕ್ಕಟ್ಟಿನಿಂದ ಲಾಭ ಮಾಡಿಕೊಂಡರು ಎಂಬ ಧ್ವನಿಯಿರುತ್ತದೆ. ಹೊಗಳುವಾಗ ಅದನ್ನು ಎಚ್ಚರದಿಂದ ಬಳಸಿ.