ಈ ಚಿತ್ರದಲ್ಲಿ ಕುದುರೆ ಮೇಲಿರುವವನು ಸುಲ್ತಾನನೋ, ವಜೀರನೋ?

ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿರುವ, ಚಿತ್ರಕಾರ ವಾನ್ಮೂರ್‌ನ ಮೆರವಣಿಗೆ ಚಿತ್ರದ ಬಗ್ಗೆ ಕೇಳಿದ್ದೀರಿ: ಸವಾರ ಸುಲ್ತಾನನೇ, ಜಾಗ ಯಾವುದು, ಕಾಲ ಯಾವುದು ಅಂತ. ಸುಲ್ತಾನನಲ್ಲ, ಆಟೊಮನ್ ಸಾಮ್ರಾಜ್ಯದ ಮಹಾವಜೀರ, ಅಂದರೆ ಅವನ ಪ್ರಧಾನ ಮಂತ್ರಿ. ಜಾಗ ಇಸ್ತಾಂಬುಲ್ಲಿನ ಅಟ್ ಮೇದಾನ್ ಎಂಬ ಚೌಕ. ಅಟ್ ಅಂದರೆ ಕುದುರೆ, ಮೇದಾನ್ ನಮ್ಮ ಮೈದಾನವೇ.

ಇಂಥ ಚಿತ್ರಗಳಲ್ಲಿ ಮುಖ ಬಿಟ್ಟು ರುಮಾಲು ನೋಡಬೇಕು. ಸಮಾರಂಭದ ದಿನ ವಜೀರನ ತಲೆ ಮೇಲೆ 'ಕಲ್ಲಾವಿ' ಇರುತ್ತದೆ: ಬಿಳಿ ಮಸ್ಲಿನ್ ಸುತ್ತಿದ, ತುದಿ ಮೊಂಡಾದ ಎತ್ತರದ ರುಮಾಲು, ಅಡ್ಡಡ್ಡ ಓರೆಯಾಗಿ ಒಂದು ಚಿನ್ನದ ಪಟ್ಟಿ. ಆದರೆ ಉಳಿದ ವಜೀರರೂ ನೌಕಾಪಡೆಯ ಮುಖ್ಯಸ್ಥನಾದ ಪಾಶಾನೂ ಇದನ್ನೇ ಧರಿಸುತ್ತಿದ್ದರು. ಹಾಗಾಗಿ ಸುತ್ತ ಯಾರಿದ್ದಾರೆ ಅಂತಲೂ ನೋಡಿ. ಸುಲ್ತಾನನಾಗಿದ್ದರೆ ಕುದುರೆಯ ಅಕ್ಕಪಕ್ಕ ದೊಡ್ಡ ಗರಿಗಳ ಟೋಪಿಯ 'ಸೋಲಾಕ್' ಕಾವಲುಗಾರರು ನಡೆಯುತ್ತಿರುತ್ತಾರೆ. ಎಷ್ಟೋ ಚಿತ್ರಗಳಲ್ಲಿ ಆ ಗರಿಗಳ ಮರೆಯಲ್ಲಿ ದೊರೆಯೇ ಅರ್ಧ ಮುಚ್ಚಿಹೋಗಿರುತ್ತಾನೆ. ಬೆನ್ನಿನ ಮೇಲೆ ಅಂಗಿಯ ತೋಳಿನ ಹಾಗೆ ಜೋತುಬಿದ್ದ ಬಿಳಿ ಟೋಪಿ ಜಾನಿಸರಿ ಸೈನಿಕರದು. ರುಮಾಲುಗಳನ್ನು ಹೋಲಿಸಿ ನೋಡಲು ವಾನ್ಮೂರ್‌ನ ಚಿತ್ರಗಳನ್ನೇ ಆಧರಿಸಿ 1714ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದ ವೇಷಭೂಷಣದ ನೂರು ಫಲಕಗಳಿಗಿಂತ ಒಳ್ಳೆಯ ಕೈಪಿಡಿಯಿಲ್ಲ.

ಬೇರೆ ಚಿತ್ರಗಳಲ್ಲಿ ಚೌಕವನ್ನು ಗುರುತಿಸಲು ಈಜಿಪ್ಟಿನ ಚಿತ್ರಲಿಪಿಯ ಕಲ್ಲಿನ ಕಂಬ ಹುಡುಕಿ. ಹಿನ್ನೆಲೆಯಲ್ಲಿ ಆರು ಮಿನಾರುಗಳಿದ್ದರೆ ಸುಲ್ತಾನ್ ಅಹ್ಮದ್ ಮಸೀದಿ. ನಾಲ್ಕಿದ್ದು ಒಂದು ಕೆಂಪು ಇಟ್ಟಿಗೆಯದಾದರೆ ಹಾಗಿಯಾ ಸೋಫಿಯಾ.

ಕಾಲದ ವಿಷಯಕ್ಕೆ ಬಂದರೆ, ವಾನ್ಮೂರ್ ಇಸ್ತಾಂಬುಲ್ಲಿಗೆ ಬಂದದ್ದು 1699ರಲ್ಲಿ, ತೀರಿಕೊಂಡದ್ದು ಅಲ್ಲೇ, 1737ರಲ್ಲಿ. ಈ ಚಿತ್ರ ಸುಮಾರು 1720ರ ನಂತರದ್ದು. ಅದೇ ಚೌಕದ ಕಂಚಿನ ಸರ್ಪಸ್ತಂಭದ ಮೂರು ಹೆಡೆಗಳು 1700ರ ಆಸುಪಾಸಿನಲ್ಲೇ ಮುರಿದುಹೋದವು. ಅದಕ್ಕಿಂತ ಈಚಿನದೆನ್ನುವ ಚಿತ್ರದಲ್ಲಿ ಹೆಡೆ ಕಂಡರೆ ಕಲಾವಿದ ಹಳೆಯ ಚಿತ್ರ ನೋಡಿ ನಕಲು ಮಾಡಿದ್ದಾನೆ ಅಂತಲೇ ನನ್ನ ಅನುಮಾನ.

ಸವಾರನಿಗೆ ಹೆಸರು ಕೊಡಲು ಅವಸರಪಡಬೇಡಿ. ಎಲ್ಲರಿಗೂ ಮೊದಲು ನೆನಪಾಗುವವನು 1718ರಿಂದ 1730ರವರೆಗೆ ಮಹಾವಜೀರನಾಗಿದ್ದ ದಾಮಾದ್ ಇಬ್ರಾಹಿಂ ಪಾಶಾ. ಆದರೆ 1730ರ ದಂಗೆಯಲ್ಲಿ ಅವನು ಸತ್ತ ಮೇಲೂ ವಾನ್ಮೂರ್ ಆರು ವರ್ಷಕ್ಕೂ ಹೆಚ್ಚು ಕಾಲ ಬದುಕಿದ್ದ, ಆ ಅವಧಿಯಲ್ಲಿ ವಜೀರರು ಮೇಲಿಂದ ಮೇಲೆ ಬದಲಾದರು.

ನಿಮ್ಮ ಹತ್ತಿರ ಇರುವುದು ತಾಮ್ರದ ಫಲಕದಿಂದ ಅಚ್ಚಾದ ಪ್ರತಿಯಾದರೆ ಇನ್ನೊಂದು ತೊಡಕಿದೆ: ಅಚ್ಚಿನಲ್ಲಿ ಎಡ ಬಲ ತಿರುವುಮುರುವಾಗಿರಬಹುದು. ಕತ್ತಿಗಳನ್ನು ನೋಡಿ. ಸಾಲಿಗೆ ಸಾಲೇ ಬಲ ಸೊಂಟದಲ್ಲಿ ಕತ್ತಿ ಕಟ್ಟಿಕೊಂಡಿದ್ದರೆ ಚಿತ್ರವನ್ನು ಕನ್ನಡಿಯಲ್ಲಿ ಹಿಡಿದು ನೋಡಿ, ಆಮೇಲೆ ಕಟ್ಟಡಗಳ ದಿಕ್ಕು ಲೆಕ್ಕಹಾಕಿ.