ತೋಳು ಬಲಿತರೂ ಮೂಟೆ ಎತ್ತುವಾಗ ಸೊಂಟ ಹಿಡಿಯುವುದೇಕೆ?

ಪ್ರಶ್ನೆ: ನನಗೆ 46 ವರ್ಷ. ಮಂಡ್ಯದಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿದ್ದೇನೆ. ಎರಡು ವರ್ಷಗಳಿಂದ ಮನೆಯಲ್ಲೇ ವಾರಕ್ಕೆ ಮೂರು ದಿನ ಕುರ್ಚಿಯ ಮೇಲೆ ಕುಳಿತು ಡಂಬೆಲ್ ಎತ್ತುತ್ತಿದ್ದೇನೆ. ತೋಳು, ಭುಜ ಚೆನ್ನಾಗಿ ಬಲಿತಿವೆ. ಆದರೂ 25 ಕೆ.ಜಿ. ಅಕ್ಕಿ ಮೂಟೆಯನ್ನು ನೆಲದಿಂದೆತ್ತಿ, ತಿರುಗಿ, ಪಕ್ಕದ ಹಲಗೆಯ ಮೇಲಿಡುವಾಗ ಸೊಂಟ ಹಿಡಿದುಕೊಳ್ಳುತ್ತದೆ. ಮೈಸೂರಿನಲ್ಲಿ ಓದುತ್ತಿರುವ ಅಣ್ಣನ ಮಗ, ‘ಡಂಬೆಲ್ ಬಿಡಿ ಚಿಕ್ಕಪ್ಪ, ಫಂಕ್ಷನಲ್ ಟ್ರೈನಿಂಗ್ ಮಾಡಿ’ ಎನ್ನುತ್ತಾನೆ. ಯಾವುದು ಸರಿ?

– ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮ ಶ್ರಮ ವ್ಯರ್ಥವಾಗಿಲ್ಲ, ಡಂಬೆಲ್ ಬಿಡಬೇಕಾಗಿಯೂ ಇಲ್ಲ. ಕುಳಿತು ಮೊಣಕೈ ಮಡಚುವಾಗ ದುಡಿಯುವುದು ಮುಖ್ಯವಾಗಿ ತೋಳಿನ ಮುಂಭಾಗದ ಸ್ನಾಯು ಮಾತ್ರ. ಮೂಟೆ ಎತ್ತುವಾಗಲಾದರೋ ತೊಡೆ, ಪೃಷ್ಠ, ಬೆನ್ನು, ಹೊಟ್ಟೆ, ಹಿಡಿತ ಎಲ್ಲವೂ ಒಂದೇ ಕ್ಷಣದಲ್ಲಿ ಒಟ್ಟಾಗಿ ಭಾರ ಹಂಚಿಕೊಳ್ಳಬೇಕು. ದೇಹ ಯಾವ ಚಲನೆಯನ್ನು ರೂಢಿಸಿಕೊಂಡಿದೆಯೋ ಅದರಲ್ಲೇ ಹೆಚ್ಚು ಪಳಗುತ್ತದೆ. ಇಂಥ ಒಟ್ಟು ಚಲನೆಗಳ ಅಭ್ಯಾಸಕ್ಕೇ ಫಂಕ್ಷನಲ್ ಟ್ರೈನಿಂಗ್ ಎನ್ನುತ್ತಾರೆ. ಆ ಮಟ್ಟಿಗೆ ನಿಮ್ಮ ಅಣ್ಣನ ಮಗ ಹೇಳಿದ್ದು ನಿಜ.

ಆದರೆ ಬಲ ಬೆಳೆಯುವುದು ಭಾರವನ್ನು ಸ್ವಲ್ಪಸ್ವಲ್ಪವೇ ಏರಿಸುತ್ತ ಹೋದಾಗ. ಅಲುಗಾಡುವ ಹಲಗೆಯ ಮೇಲೆ ಒಂಟಿ ಕಾಲಲ್ಲಿ ನಿಂತು ಡಂಬೆಲ್ ಆಡಿಸುವ ವಿಡಿಯೊಗಳನ್ನು ನೋಡಿ ಅನುಕರಿಸಬೇಡಿ. ಕಾಲ ಕೆಳಗಿನ ನೆಲೆ ಗಟ್ಟಿಯಿಲ್ಲದಿದ್ದರೆ ಸ್ನಾಯು ತನ್ನ ಪೂರ್ಣ ಬಲವನ್ನು ಹಾಕಲಾರದು. ಮೈಸೂರಿನ ಗರಡಿ ಮನೆಗಳಲ್ಲಿ ಪೈಲ್ವಾನರು ದಂಡ ಹೊಡೆದು, ಬಸ್ಕಿ ತೆಗೆದು, ಗದೆ ತಿರುಗಿಸುವಾಗ ಇಡೀ ಮೈ ಒಂದಾಗಿ ದುಡಿಯುತ್ತದೆ, ಜೊತೆಗೆ ಎಣಿಕೆಯೂ ಗದೆಯ ತೂಕವೂ ಏರುತ್ತ ಹೋಗುತ್ತವೆ. ಇಂದು ಎರಡು ಹೆಸರಿಟ್ಟು ಎದುರುಬದುರು ನಿಲ್ಲಿಸುವ ಪದ್ಧತಿಗಳು ಆ ಮಣ್ಣಿನಲ್ಲಿ ಬೇರೆಯಾಗಿಯೇ ಇರಲಿಲ್ಲವೆಂಬುದು ನನ್ನ ಅಭಿಪ್ರಾಯ.

ನೀವು ಮೊದಲು ಕಲಿಯಬೇಕಾದುದು ಬಾಗುವ ಕ್ರಮವನ್ನು. ಗೋಡೆಗೆ ಬೆನ್ನು ಮಾಡಿ ಅರ್ಧ ಅಡಿ ಮುಂದೆ ನಿಲ್ಲಿ. ಪೊರಕೆಯ ಉದ್ದನೆಯ ಕೋಲೊಂದನ್ನು ಬೆನ್ನ ಹಿಂದೆ ನೇರವಾಗಿ ಹಿಡಿಯಿರಿ. ಅದು ತಲೆಯ ಹಿಂಭಾಗ, ಬೆನ್ನಿನ ನಡುಭಾಗ, ಬಾಲದ ಮೂಳೆ ಈ ಮೂರಕ್ಕೂ ತಾಗಿರಲಿ. ಮೊಣಕಾಲನ್ನು ತುಸುವೇ ಮಡಚಿ, ಪೃಷ್ಠ ಗೋಡೆಗೆ ತಾಗುವವರೆಗೆ ಹಿಂದಕ್ಕೆ ತಳ್ಳುತ್ತ ಬಾಗಿರಿ. ಕೋಲು ಎಲ್ಲಾದರೂ ಮೈ ಬಿಟ್ಟರೆ ಬೆನ್ನು ಬಳುಕಿತೆಂದು ಅರ್ಥ. ಅಲ್ಲಿಗೇ ನಿಲ್ಲಿಸಿ, ಮತ್ತೆ ಆರಂಭಿಸಿ. ಒಂದೆರಡು ವಾರ ಇದನ್ನು ಬರಿಗೈಯಲ್ಲೇ ಮಾಡಿ, ಅನಂತರ ಡಂಬೆಲ್ ಹಿಡಿಯಿರಿ.

ಆಮೇಲೆ ನಿಮ್ಮ ಅಂಗಡಿಯೇ ನಿಮಗೆ ಅನುಕೂಲ. ಗಟ್ಟಿ ಚೀಲವೊಂದಕ್ಕೆ 10 ಕೆ.ಜಿ. ಅಕ್ಕಿ ತೂಗಿ ಹಾಕಿ, ಅದೇ ಕ್ರಮದಲ್ಲಿ 8ರಿಂದ 10 ಸಲ ಎತ್ತಿಳಿಸಿ. ನಡುವೆ ಒಂದೆರಡು ನಿಮಿಷ ಬಿಡುವು ಕೊಟ್ಟು ಇಂಥ ಮೂರು ಸುತ್ತು ಮಾಡಿ. ಹನ್ನೆರಡು ಸಲ ಸಲೀಸಾಗಿ ಎತ್ತಲು ಬಂದಾಗ ಒಂದು ಕಿಲೊ ಸೇರಿಸಿ. ಅದೇ ಚೀಲವನ್ನು ಒಂದೇ ಕೈಯಲ್ಲಿ ಹಿಡಿದು, ಮೈ ಆ ಕಡೆಗೆ ವಾಲದಂತೆ ಇಪ್ಪತ್ತು ಹೆಜ್ಜೆ ನಡೆದು ಕೈ ಬದಲಿಸಿ. ಬಾಗಿದ ಭಂಗಿಯಲ್ಲಿ ಡಂಬೆಲ್ಲನ್ನು ಹೊಟ್ಟೆಯತ್ತ ಎಳೆದುಕೊಳ್ಳುವುದನ್ನೂ ಸೇರಿಸಿಕೊಳ್ಳಿ, ಏಕೆಂದರೆ ಮನೆಯ ವ್ಯಾಯಾಮದಲ್ಲಿ ಬಹುಪಾಲು ಜನ ಬಿಟ್ಟುಬಿಡುವುದು ಎಳೆಯುವ ಚಲನೆಯನ್ನೇ. ತೋಳಿನ ಹಳೆಯ ವ್ಯಾಯಾಮ ಕೊನೆಯ ಐದು ನಿಮಿಷಕ್ಕಿರಲಿ. ವಯಸ್ಕರು ವಾರಕ್ಕೆ ಕನಿಷ್ಠ 2 ದಿನ ಎಲ್ಲ ಪ್ರಮುಖ ಸ್ನಾಯುಗಳನ್ನೂ ಬಲಪಡಿಸುವ ವ್ಯಾಯಾಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ನಿಮ್ಮ ಮೂರು ದಿನಗಳು ಧಾರಾಳವಾಗಿ ಸಾಕು, ನಡುನಡುವೆ ಒಂದು ದಿನ ಬಿಡುವಿರಲಿ.

ಇನ್ನೊಂದು ಮಾತು: ಮೂಟೆ ಕೈಯಲ್ಲಿರುವಾಗ ಸೊಂಟವನ್ನು ತಿರುಚಬೇಡಿ, ಪಾದಗಳನ್ನೇ ಹಲಗೆಯತ್ತ ತಿರುಗಿಸಿ ಹೆಜ್ಜೆಯಿಡಿ. ನೋವು ಕಾಲಿಗೆ ಇಳಿಯುತ್ತಿದ್ದರೆ, ಕಾಲು ಜೋಮು ಹಿಡಿಯುತ್ತಿದ್ದರೆ ಅಥವಾ ಬಲಗುಂದಿದಂತೆ ಅನಿಸಿದರೆ, ಇವಾವುದನ್ನೂ ಆರಂಭಿಸದೆ ಮೊದಲು ವೈದ್ಯರಿಗೆ ತೋರಿಸಿ.