ಚಿತ್ರ ಲೋಡ್ ಆಗಿದೆಯೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ನಮ್ಮೂರಿನ ಹಳೆಯ ಛಾಯಾಚಿತ್ರಗಳಿಗಾಗಿ ಒಂದು ಜಾಲಪುಟ ಮಾಡಿದ್ದೇನೆ. ಚಿತ್ರದ ಲೋಡ್ ಈವೆಂಟ್ (ಚಿತ್ರ ಬಂದಿದೆ ಎಂದು ಬ್ರೌಸರ್ ಕೊಡುವ ಸಂಕೇತ) ಬಂದೊಡನೆ ‘ಲೋಡ್ ಆಗುತ್ತಿದೆ’ ಎಂಬ ಸೂಚನೆ ಮರೆಯಾಗುವಂತೆ ಜಾವಾಸ್ಕ್ರಿಪ್ಟ್ ಬರೆದಿದ್ದೇನೆ. ಪುಟವನ್ನು ಎರಡನೆಯ ಸಲ ತೆರೆದಾಗ ಕೆಲವು ಚಿತ್ರಗಳ ಮೇಲೆ ಸೂಚನೆ ಹಾಗೆಯೇ ಉಳಿಯುತ್ತದೆ. ಚಿತ್ರದ ಲೋಡ್ ಮುಗಿದಿದೆಯೇ ಎಂದು ಹೇಳುವ ‘ಕಂಪ್ಲೀಟ್’ ಪ್ರಾಪರ್ಟಿಯನ್ನು ನೋಡಿದರೆ, ಸರ್ವರ್‌ನಲ್ಲಿ ಇಲ್ಲದ ಚಿತ್ರಕ್ಕೂ ‘ಟ್ರೂ’ ಎಂದೇ ಬರುತ್ತದೆ. ಪರಿಹಾರವೇನು?

ಉತ್ತರ: ಎರಡನೆಯ ಸಲ ಚಿತ್ರವು ಬ್ರೌಸರ್‌ನ ಕ್ಯಾಶ್‌ನಿಂದಲೇ (ಹಿಂದೆ ತಂದ ಕಡತಗಳನ್ನು ಉಳಿಸಿಡುವ ಜಾಗದಿಂದ) ಬರುವುದರಿಂದ, ನಿಮ್ಮ ಸ್ಕ್ರಿಪ್ಟ್ ಲಿಸನರ್ (ಈವೆಂಟ್ ಬಂದಾಗ ಓಡುವ ಫಂಕ್ಷನ್) ಜೋಡಿಸುವ ಮೊದಲೇ ಲೋಡ್ ಈವೆಂಟ್ ಆಗಿಹೋಗಿರುತ್ತದೆ, ಆಗಿಹೋದ ಈವೆಂಟ್ ಮತ್ತೆ ಬರುವುದಿಲ್ಲ. ಆದ್ದರಿಂದ ಮೊದಲು ‘ಲೋಡ್’ ಮತ್ತು ‘ಎರರ್’ ಎರಡಕ್ಕೂ ಲಿಸನರ್ ಜೋಡಿಸಿ, ಅದರ ಬೆನ್ನಲ್ಲೇ ‘ಕಂಪ್ಲೀಟ್’ ಪರೀಕ್ಷಿಸಿ. ಅದು ಟ್ರೂ ಆಗಿದ್ದರೆ ಬ್ರೌಸರ್ ತನ್ನ ಪ್ರಯತ್ನ ಮುಗಿಸಿದೆ ಎಂದಷ್ಟೇ ಅರ್ಥ. ಚಿತ್ರ ಸಿಕ್ಕಿದೆ ಎಂದಲ್ಲ. ಸಿಕ್ಕಿದೆಯೇ ಎಂಬುದನ್ನು ಚಿತ್ರದ ಮೂಲ ಅಗಲ ತಿಳಿಸುವ ‘ನ್ಯಾಚುರಲ್‌ವಿಡ್ತ್’ ಹೇಳುತ್ತದೆ: ಸಿಗದ ಅಥವಾ ಕೆಟ್ಟ ಚಿತ್ರಕ್ಕೆ ಅದರ ಬೆಲೆ 0. ಛಾಯಾಚಿತ್ರಗಳಿಗೆ ಈ ಪರೀಕ್ಷೆಯನ್ನು ನಂಬಬಹುದು. ಅಗಲ, ಎತ್ತರಗಳನ್ನು ನಮೂದಿಸದ ಎಸ್‌ವಿಜಿ (ರೇಖೆ, ಆಕೃತಿಗಳಿಂದ ರಚಿಸಿದ ಚಿತ್ರ) ಕಡತಗಳಿಗೆ ಮಾತ್ರ, ಸರಿಯಾಗಿ ಲೋಡ್ ಆಗಿದ್ದರೂ, ಕೆಲವು ಬ್ರೌಸರ್‌ಗಳಲ್ಲಿ 0 ಬರುವುದುಂಟು. ಕಂಪ್ಲೀಟ್ ಟ್ರೂ ಆದ ಮೇಲೂ ಈವೆಂಟ್ ಸರದಿಯಲ್ಲಿ ಕಾದಿರುವ ಸಾಧ್ಯತೆ ಇರುವುದರಿಂದ, ಸೂಚನೆ ತೆಗೆಯುವ ಫಂಕ್ಷನ್ ಎರಡು ಬಾರಿ ಓಡಿದರೂ ತೊಂದರೆಯಾಗದಂತೆ ಬರೆಯಿರಿ.

ಇಂದಿನ ಬ್ರೌಸರ್‌ಗಳಿಗೆ ಮಾತ್ರ ಬರೆಯುವುದಾದರೆ ನಾನು ‘ಡಿಕೋಡ್’ ಮೆಥಡ್ ಅನ್ನೇ ಆರಿಸುತ್ತೇನೆ. ಅದು ಕೊಡುವ ಪ್ರಾಮಿಸ್ (ಮುಂದೆ ಬರಲಿರುವ ಫಲಿತಾಂಶವನ್ನು ಪ್ರತಿನಿಧಿಸುವ ವಸ್ತು), ಚಿತ್ರ ಕ್ಯಾಶ್‌ನಿಂದ ಬಂದರೂ ಜಾಲದಿಂದ ಬಂದರೂ, ತೆರೆಯ ಮೇಲೆ ಮೂಡಲು ಸಿದ್ಧವಾದಾಗ ಈಡೇರುತ್ತದೆ, ಕೆಟ್ಟಿದ್ದರೆ ತಿರಸ್ಕೃತವಾಗುತ್ತದೆ. ಹಲವು ಚಿತ್ರಗಳಿಗೆ ಒಟ್ಟಾಗಿ ಕಾಯುವಾಗ ‘ಪ್ರಾಮಿಸ್.ಆಲ್’ ಬೇಡ, ಒಂದೇ ಒಂದು ಚಿತ್ರ ಸಿಗದಿದ್ದರೂ ಅದು ಇಡೀ ಗುಂಪನ್ನು ವಿಫಲವೆಂದು ಬಿಡುತ್ತದೆ; ‘ಪ್ರಾಮಿಸ್.ಆಲ್‌ಸೆಟಲ್ಡ್’ ಬಳಸಿದರೆ ಪ್ರತಿ ಚಿತ್ರದ ಫಲಿತಾಂಶ ಬೇರೆಯಾಗಿ ಸಿಗುತ್ತದೆ.

ಚಿತ್ರಗಳಿಗೆ ‘ಲೋಡಿಂಗ್’ ಎಂಬಲ್ಲಿ ‘ಲೇಜಿ’ ಎಂದು ಕೊಟ್ಟಿದ್ದರೆ, ಓದುಗರು ಸ್ಕ್ರಾಲ್ ಮಾಡಿ ಹತ್ತಿರ ಬರುವವರೆಗೆ ಬ್ರೌಸರ್ ಅವನ್ನು ತರುವುದೇ ಇಲ್ಲ. ಅಂತಹ ಪುಟದಲ್ಲಿ ಎಲ್ಲ ಚಿತ್ರಗಳಿಗೂ ಸೇರಿಸಿ ಒಂದೇ ಸೂಚನೆ ಇಡಬೇಡಿ, ಪ್ರತಿ ಚಿತ್ರಕ್ಕೂ ಅದರದೇ ಸೂಚನೆ ಇರಲಿ. ಎರರ್ ಬಂದಾಗ ಸೂಚನೆಯನ್ನು ಸುಮ್ಮನೆ ಅಳಿಸದೆ ‘ಚಿತ್ರ ಸಿಗಲಿಲ್ಲ’ ಎಂದು ತೋರಿಸಿ. ನಿಧಾನ ಸಂಪರ್ಕವಿರುವ ಓದುಗರು ಬಾರದ ಚಿತ್ರಕ್ಕಾಗಿ ಕಾಯುವುದು ತಪ್ಪುತ್ತದೆ.